ಸೀಮೆಸುಣ್ಣದ ಆಫೀಸು

ಬಾಗಿಲೇ ಇಲ್ಲದ ಕಡೆ ಬಾಗಿಲು ತಟ್ಟದೆ ಒಳಗೆ ಬಂದೆ ಎಂದು ನನ್ನನ್ನು ಗದರಿಸಿದ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬರೇ, ಅವರು ನಮ್ಮ ಕಾಕಾ! ಗದರಿಸಿ ಬಿಟ್ಟಿದ್ದರೆ ಆ ಮಾತು ಬೇರೆ. ನಾನು ಟ್ರಂಕು ಸಮೇತ ಹೊಸ್ತಿಲ ತನಕ ವಾಪಸ್ ಹೋಗಿ, ಮತ್ತೆ ಬಂದು, ಬರೀ ಗಾಳಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಅವರು "ಬರ್ರಿ, ಬರ್ರಿ" ಎಂದ ಮೇಲೆಯೇ ಮುಂದೆ ಕಾಲಿಡಬೇಕಾಯಿತು. ನಗಬೇಡಿ. ನೀವು ಬಂದಿದ್ದರೆ ನಿಮ್ಮಿಂದಲೂ ಅವರು ಹಾಗೇ ತಟ್ಟಿಸುತ್ತಿದ್ದರು, ನೀವೂ ತಟ್ಟುತ್ತಿದ್ದಿರಿ. ಅವರ ಮುಖ ನೋಡಿದ ಮೇಲೆ ಅಲ್ಲಿ ಬಾಗಿಲು ಇಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಕಾಲೇಜು ಓದಲೆಂದು ನಾನು ವಿಜಾಪುರದಿಂದ ಪುಣೆಗೆ ಬಂದಿದ್ದೆ. ಕಾಕಾ ಎಂದರೆ ನಮ್ಮ ತಂದೆಯ ತಮ್ಮ. ಯಾವುದೋ ದೊಡ್ಡ ಕಚೇರಿಯಲ್ಲಿ ಗುಮಾಸ್ತ. ಮಕ್ಕಳಿಲ್ಲ. ನಾರಾಯಣ ಪೇಟೆಯ ಒಂದು ಹಳೆಯ ವಾಡೆಯಲ್ಲಿ, ಕೆಳಗಿನ ಅಂತಸ್ತಿನಲ್ಲಿ, ಎರಡು ಖೋಲಿಯ ಸಂಸಾರ. ಒಳಗಿನದು ಅಡಿಗೆಮನೆ. ಹೊರಗಿನದರಲ್ಲಿ ಒಂದು ಮಂಚ, ಒಂದು ಕಪಾಟು, ಗೋಡೆಗೆ ಒರಗಿಸಿದ ಸೈಕಲ್ಲು. ಉಳಿದ ಜಾಗದಲ್ಲಿ, ನಮ್ಮ ಕಡೆಯಿಂದಲೇ ಬಂದ ಶಹಾಬಾದ್ ಫರ್ಸಿ ಕಲ್ಲಿನ ನೆಲದ ಮೇಲೆ, ಸೀಮೆಸುಣ್ಣದಿಂದ ಎಳೆದ ಬಿಳಿ ಗೆರೆಗಳು. ಆ ಗೆರೆಗಳೇ ಕಾಕಾನ ಆಫೀಸು!

ಗೆರೆ ಒಂದೊಂದಕ್ಕೂ ಅರ್ಥವಿತ್ತು. ಜೋಡಿ ಗೆರೆ ಎಂದರೆ ಗೋಡೆ. ಗೋಡೆಯ ನಡುವೆ ಬಿಟ್ಟ ಖಾಲಿ ಜಾಗ ಬಾಗಿಲು. ಉದ್ದನೆಯ ಚೌಕ ಮೇಜು, ಸಣ್ಣ ಚೌಕ ಕುರ್ಚಿ, ಗುಂಡಗಿನದು ನೀರಿನ ಹರವಿ. ಪುಣೆಗೆ ಬಂದ ಮೊದಲ ದಿನ ಇದೊಂದೂ ನನಗೆ ಗೊತ್ತಿರಲಿಲ್ಲ. ಬಾಗಿಲು ತಟ್ಟುವ ಸಂಸ್ಕಾರ ಮುಗಿಸಿ, ಕಾಲು ತೊಳೆಯಲೆಂದು ಸೀದಾ ಒಳಗೆ ಹೊರಟವಳನ್ನು ಕಾಕಾ ಮತ್ತೆ ತಡೆದರು.

"ಏ ತಂಗಿ, ಅಲ್ಲೆ ಎಲ್ಲಿ ಹೊಂಟಿ? ಗ್ವಾಡಿ ಅದ ಅಲ್ಲೆ!"

ನಾನು ಸಿನಿಮಾದಲ್ಲಿ ಕುರುಡರು ನಡೆಯುವಂತೆ ಕೈ ಮುಂದೆ ಚಾಚಿಕೊಂಡು ನಿಂತೆ. ಅಷ್ಟರಲ್ಲಿ ಅಡಿಗೆಮನೆಯಿಂದ ಕಾಕಾನ ಹೆಂಡತಿ, ನಮ್ಮ ಕಾಕು, ಬಂದರು, ಕೈಯಲ್ಲಿ ನೀರಿನ ತಂಬಿಗೆ. ಬಂದವರು ಮೇಜಿನ ಮೇಲೆ ಒಂದು ಹೆಜ್ಜೆ, ಹರವಿಯ ಮೇಲೆ ಒಂದು ಹೆಜ್ಜೆ ಇಟ್ಟು, ಗೋಡೆಯನ್ನು ಸಲೀಸಾಗಿ ಭೇದಿಸಿ ನನ್ನ ಮುಂದೆ ನಿಂತುಬಿಟ್ಟರು! "ಬಾರವ್ವಾ, ಕಾಲು ತೊಳಕೊ. ಈ ಗ್ವಾಡಿ ನಾ ದಿನಾ ಮುಂಜಾನೆ ಅರಿವಿ ಹಚ್ಚಿ ಒರಸಿ ಕೆಡವತೀನಿ. ಮುನಸಿಪಾಲ್ಟಿಯವ್ರಿಗೂ ಇಷ್ಟು ಲಗೂ ಕೆಡವಾಕ ಬರಂಗಿಲ್ಲ" ಎಂದರು.

ನಿಜವಾಗಿಯೂ ಅದು ದಿನದ ಕಥೆ. ಮುಂಜಾನೆ ಕಾಕು ನೆಲ ಒರೆಸುವಾಗ ಆಫೀಸು ಅಳಿಸಿಹೋಗುತ್ತಿತ್ತು. ಸಂಜೆ ಕಾಕಾ ಕೆಲಸದಿಂದ ಬಂದು, ಅಂಗಿ ಕಳಚಿ, ಜೇಬಿನಿಂದ ಖಡು ತೆಗೆದು, ಮೊಣಕಾಲೂರಿ ಮತ್ತೆ ಕಟ್ಟುತ್ತಿದ್ದರು. ಖಡು ಎಂದರೆ ಸೀಮೆಸುಣ್ಣ. ಅದನ್ನು ಇಟ್ಟುಕೊಂಡು ಅವರ ಅಂಗಿಗಳ ಜೇಬುಗಳೆಲ್ಲ ಬೆಳ್ಳಗಾಗಿದ್ದವು. ಬೇಸರವಿಲ್ಲ, ಸಿಟ್ಟಿಲ್ಲ. "ಒರಸಲಿ ಬಿಡು. ನಿನ್ನೆ ಕಿಟಕಿ ಸ್ವಲ್ಪ ತಪ್ಪಾಗಿತ್ತು" ಎನ್ನುವರು. ಅಳಿಸಿದ ಪ್ರತಿ ಸಲವೂ ಆಫೀಸು ಇನ್ನಷ್ಟು ಉತ್ತಮವಾಗುತ್ತಿತ್ತು. ಇಂಥ ತಾಳ್ಮೆಯ ಕಟ್ಟಡ ಕೆಲಸವನ್ನು ನಾನು ಬೇರೆಲ್ಲೂ ನೋಡಿಲ್ಲ.

ಕಾಕು ಮಾತ್ರ ಆ ಬಾಗಿಲನ್ನು ಒಂದು ದಿನವೂ ಬಳಸಲಿಲ್ಲ. ಮಹಡಿಯ ಮೇಲಿನ ಮನೆಯೊಡತಿ ಮಾಲಕೀಣ ಆಜಿ ಬಳಸಿದಳು, ಹಾಲಿನವನು ಬಳಸಿದ, ನಾನು ಬಳಸಿದೆ. ಕಾಕು ಗೋಡೆಯಿಂದಲೇ ಬರುವುದು, ಗೋಡೆಯಿಂದಲೇ ಹೋಗುವುದು! ಕಾಕಾ "ಏ, ಕೇಳಿಲ್ಲಿ" ಎಂದು ಶುರು ಮಾಡುವುದರೊಳಗೆ ಅವರು ಗೋಡೆಯಾಚೆ ಇರುತ್ತಿದ್ದರು. ಅಂದಹಾಗೆ ಕಾಕಾ ಹೆಂಡತಿಯನ್ನು ಕರೆಯುತ್ತಿದ್ದುದೇ ಹಾಗೆ, "ಏ, ಕೇಳಿಲ್ಲಿ." ಇಷ್ಟು ವರ್ಷದ ಸಂಸಾರದಲ್ಲಿ ಆ ಮನೆಯಲ್ಲಿ ಕಾಕುವಿನ ಹೆಸರೂ ಅದೇ, ಮರ್ಯಾದೆಯೂ ಅದೇ.

ಆರಾಮಿಲ್ಲದ ಆಫೀಸು ಎಂದರೇನು ಎಂಬ ವಿಷಯದಲ್ಲಿ ಕಾಕಾಗೆ ಡಾಕ್ಟರೇಟ್ ಕೊಡಬಹುದಿತ್ತು. ಕಚೇರಿಯಲ್ಲಿ ಅವರ ಜಾಗ ಮೆಟ್ಟಿಲ ಕೆಳಗೆ. ಏಳುವಾಗ ತಲೆ ತಗ್ಗಿಸದಿದ್ದರೆ ಮೆಟ್ಟಿಲಿಗೆ ಬಡಿಯುವುದು. ಕೂರಲು ಬೆನ್ನಿಲ್ಲದ ಸ್ಟೂಲು. ಸಾಹೇಬರ ಕೋಣೆಗೆ ಹೋದರೆ ನಿಂತೇ ಫೈಲು ತೋರಿಸಬೇಕು, ಅದು ಅಲ್ಲಿಯ ಪದ್ಧತಿ. ಇದನ್ನೆಲ್ಲ ಅವರು ದೂರಿನ ಹಾಗೆ ಹೇಳುತ್ತಿರಲಿಲ್ಲ. ಕಾಯಿಲೆಯ ಬಗ್ಗೆ ವೈದ್ಯರು ಹೇಳುವಂತೆ, ತುಂಬ ಆಸಕ್ತಿಯಿಂದ ಹೇಳುತ್ತಿದ್ದರು. ರಿಟೈರ್ ಆದಮೇಲೆ ಮನೆಯಲ್ಲೇ ಒಂದು ಆಫೀಸು ತೆರೆಯಬೇಕು, ಅದು ಪುಣೆಯಲ್ಲೇ ಅತಿ ಆರಾಮದ ಆಫೀಸಾಗಬೇಕು. ಇದು ಅವರ ಬದುಕಿನ ಹಂಬಲ.

ಅದಕ್ಕಾಗಿ ಅವರು ಕುರ್ಚಿಗಳ ಅಭ್ಯಾಸಕ್ಕೆ ಇಳಿದರು. ಎಲ್ಲಿ ಕುರ್ಚಿ ಕಂಡರೂ ಕೂತು ನೋಡುವುದೇ! ಆರೋಗ್ಯ ಗಟ್ಟಿಮುಟ್ಟಾಗಿದ್ದರೂ ಡಾಕ್ಟರ ದವಾಖಾನೆಗೆ ಹೋಗಿ, ತಮ್ಮ ಪಾಳಿಯನ್ನು ಹಿಂದಿನವರಿಗೆ ಬಿಟ್ಟುಕೊಡುತ್ತ, ಮಧ್ಯಾಹ್ನದ ತನಕ ಬೆಂಚಿನ ಮೇಲೆ ಕೂತರು. ಕೊನೆಗೆ ಡಾಕ್ಟರು ಹೊರಗೆ ಬಂದು ಏನು ತೊಂದರೆ ಎಂದು ಕೇಳಿದರೆ ಇವರ ಉತ್ತರ: "ನನಗೇನೂ ಇಲ್ಲರಿ. ಆದ್ರ ನಿಮ್ಮ ಬಾಕಿನ ಮ್ಯಾಲ ಕೂತವರಿಗೆಲ್ಲ ಇನ್ನ ಮ್ಯಾಲ ಬೆನ್ನು ಬ್ಯಾನಿ ಸುರು ಆಗ್ತದ. ಒಂದ ಸ್ವಲ್ಪ ಎತ್ತರ ಮಾಡಸ್ರಿ." ಡಾಕ್ಟರು ಮರಾಠಿಯವರು. ಅವರಿಗೆ ಇದನ್ನೇ ಮರಾಠಿಯಲ್ಲಿ ಇನ್ನೊಮ್ಮೆ, ಚಿತ್ರ ಬಿಡಿಸಿ ವಿವರಿಸಿದರಂತೆ.

ಕನ್ಯೆ ನೋಡುವ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದವರ ಗತಿಯೂ ಇದೇ. ನಮ್ಮ ಸಂಬಂಧಿಕರ ಹುಡುಗನಿಗೆಂದು ಹೋಗಿದ್ದೆವು. ಅವಲಕ್ಕಿ ಬಂತು, ಚಹಾ ಬಂತು, ಹುಡುಗಿ ಬಂದು ಹೋದಳು. ಹೊರಗೆ ಬಂದಮೇಲೆ ಹುಡುಗನ ತಾಯಿ ಹಿರಿಯರಾದ ಕಾಕಾನನ್ನೇ ಮೊದಲು ಕೇಳಿದರು, "ನಿಮಗ ಹ್ಯಾಂಗ ಅನಸ್ತರಿ ಹುಡುಗಿ?"

"ಹುಡುಗೀನ್ನ ನಾ ನೋಡಲಿಲ್ಲವಾ" ಎಂದರು ಕಾಕಾ, ಒಂದಿಷ್ಟೂ ನಾಚದೆ. "ಆದ್ರ ಮನಿ ಛಲೋ ಅದ. ಬಂದವರನ್ನ ಕಿಟಕಿಗೆ ಬೆನ್ನು ಮಾಡಿ ಕೂಡಸ್ತಾರ. ಬಿಸಲು ಕಣ್ಣಾಗ ಬೀಳಂಗಿಲ್ಲ. ಅಷ್ಟು ವಿಚಾರ ಇರೋ ಮಂದಿ ಕೂಡ ಸಂಬಂಧ ಬೆಳಸ್ರಿ."

ಸಂಬಂಧ ಬೆಳೆಯಿತು. ಅದು ಸುಖವಾಗಿಯೂ ಇದೆ! ಈಗ ಹೇಳಿ, ನಗುವುದೋ, ಕೈ ಮುಗಿಯುವುದೋ?

ಆಫೀಸಿನ ಆರಾಮು ಎಂದರೆ ಕಾಕಾನ ಆರಾಮು ಎಂದೇ ನಾನು ತಿಳಿದಿದ್ದೆ. ಹಾಗಲ್ಲ ಎಂದು ಗೊತ್ತಾದದ್ದು ತಾಲೀಮಿನ ದಿನಗಳಲ್ಲಿ. ಹೌದು, ಆ ಆಫೀಸಿಗೆ ನಾಟಕದಂತೆ ತಾಲೀಮೂ ಇತ್ತು! ರವಿವಾರ ಬಂತೆಂದರೆ ಮನೆಯಲ್ಲಿದ್ದ ಒಂದೇ ಒಂದು ಮಡಚುವ ಕಬ್ಬಿಣದ ಕುರ್ಚಿಯನ್ನು ಗೆರೆಯ ಚೌಕದೊಳಗೆ ಇಡುವರು. ನಾನು ಬಂದವರ ಪಾತ್ರ. ಬಾಗಿಲು ತಟ್ಟಬೇಕು. "ಬರ್ರಿ, ಬರ್ರಿ, ಕೂಡ್ರಿ" ಎನ್ನುತ್ತಾರೆ. ಒಂದು ನಿಮಿಷದ ಹಿಂದೆ "ಏ ತಂಗಿ" ಎಂದವರು ಆ ಗೆರೆ ದಾಟಿದೊಡನೆ ನನಗೆ ರೀ ಹಚ್ಚಿ ಮಾತಾಡುವುದು ಕೇಳಿ ಮೊದಲ ಸಲ ನನಗೆ ಮೈ ಜುಮ್ ಎಂದಿತು.

"ಬಿಸಲು ಕಣ್ಣಿಗೆ ಬರ್ತದೇನ್ರಿ? ಗಾಳಿ ಬರ್ತದೇನ್ರಿ? ಕಾಲು ನೆಲಕ್ಕ ಹತ್ತತಾವ? ನಿಮ್ಮ ಗಂಟು ಎಲ್ಲಿ ಇಡತೀರಿ?"

"ಗಂಟು ಎಲ್ಲಿದು ಕಾಕಾ?"

"ಬಂದವರ ಕೈಯಾಗ ಗಂಟು ಇರ್ತದಲ್ಲ. ಚಪ್ಪಲಿ ಹೊರಗ ಬಿಟ್ರ ಯಾರರ ಒಯ್ದಾರು ಅಂತ ಜೀವ ಆ ಕಡೆನ ಇರ್ತದ. ಅದಕ್ಕ ಚಪ್ಪಲಿ ಇಲ್ಲೆ, ಕಣ್ಣ ಮುಂದ. ಕೂಸಿನ್ನ ತೂಗಲಿಕ್ಕ ಜೋಳಿಗಿ ಎಲ್ಲಿ ಕಟ್ಟತೀರಿ?"

"ನನಗ ಕೂಸ ಇಲ್ಲಲ್ಲ!"

"ನಿನಗ ಇಲ್ಲ. ಬರೋರಿಗೆ ಇರ್ತದ. ಮ್ಯಾಲ ತೊಲಿಗೆ ಒಂದು ಕೊಂಡಿ ಬೇಕು." ಹೀಗೆ ಹೇಳುತ್ತ ನನ್ನ ಸುತ್ತ ಪ್ರದಕ್ಷಿಣೆ ಹಾಕುವರು, ಬಗ್ಗಿ ನೋಡುವರು, ದೂರ ನಿಂತು ಕಣ್ಣು ಕಿರಿದು ಮಾಡಿ ನೋಡುವರು. ಬಂದ ಗೋಡೆಯಿಂದಲೇ ಹಾದುಹೋಗುತ್ತ ಕಾಕು ಅನ್ನುವರು, "ಗ್ವಾಡಿ ಯಾಕ ಬೇಕ್ರಿ ಇದಕ್ಕ? ಮನಿಯಾಗ ಓಡಾಡಾಕ ಜಾಗಾ ಇಲ್ಲ." ಕಾಕಾ ಗಂಭೀರವಾಗಿ ಉತ್ತರಿಸುವರು, "ಗ್ವಾಡಿ ಬ್ಯಾಡಂದ್ರ ಹ್ಯಾಂಗ? ಬಂದವರು ತಮ್ಮ ಕಷ್ಟಾ ಹೇಳತಾರ. ಹೊರಗ ಕೇಳಬಾರದು." ಸೀಮೆಸುಣ್ಣದ ಗೆರೆ ದಾಟಿ ಮಾತು ಹೊರಗೆ ಹೋಗುವುದಿಲ್ಲ ಎಂದು ಅವರಿಗೆ ಪೂರ್ತಿ ನಂಬಿಕೆ.

ತೊಲೆಯ ಕೊಂಡಿಯ ಸುದ್ದಿ ಮಹಡಿಯ ಮೇಲಿನ ಮಾಲಕೀಣ ಆಜಿಗೆ ಮುಟ್ಟಿತು. ವಾಡೆಗೆ ಆಕೆಯೇ ಒಡತಿ, ಆಕೆಯ ಬಾಯಿಗೆ ಪೇಟೆಯೇ ನಡುಗುತ್ತಿತ್ತು. ಕೋಲೂರುತ್ತ ಕೆಳಗಿಳಿದು ಬಂದು ಬಾಗಿಲಲ್ಲೇ ಗುಡುಗಿದಳು, "ಮಾಝ್ಯಾ ತುಳಈಲಾ ಖಿಳಾ? ಮೀ ಜಿವಂತ ಅಸೇಪರ್ಯಂತ ನಾಹೀ!" ತಾನು ಬದುಕಿರುವ ತನಕ ತನ್ನ ತೊಲೆಗೆ ಮೊಳೆ ಇಲ್ಲ ಎಂದು ಅದರ ಅರ್ಥ. ಕಾಕಾ ಎದುರಾಡಲಿಲ್ಲ. "ಯಾ ಆಜಿ, ಬಸಾ" ಎಂದು, ಅದೇ ಬರ್ರಿ, ಕೂಡ್ರಿಯನ್ನು ಮರಾಠಿಯಲ್ಲಿ ಹೇಳಿ, ಕೈ ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ಅಡಿಗೆಮನೆಯಿಂದ ನೀರು ತರಿಸಿ ಕೊಟ್ಟರು. ಕೋಲನ್ನು ಇಸಿದುಕೊಂಡು ಕೈಗೆಟಕುವ ಕಡೆ ಒರಗಿಸಿದರು. ಆಮೇಲೆ ಸುಮ್ಮನೆ ಕೈ ಕಟ್ಟಿ ನಿಂತರು, ಅಷ್ಟೇ.

ಆಜಿ ಮೊದಲು ತೊಲೆಯ ಬಗ್ಗೆ ಬೈದಳು. ಆಮೇಲೆ ನಲ್ಲಿಯ ನೀರಿನ ಬಗ್ಗೆ ಬೈದಳು. ಆಮೇಲೆ ಸೊಸೆಯ ಬಗ್ಗೆ. ಆಮೇಲೆ ದನಿ ಇಳಿಯಿತು. ತೀರಿಹೋದ ಗಂಡ ತನ್ನನ್ನು ಒಮ್ಮೆ ಪಂಢರಪುರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೋಗಲೇ ಇಲ್ಲ ಎಂದಳು, ಕಣ್ಣೊರೆಸಿಕೊಂಡಳು. ಏಳುವ ಹೊತ್ತಿಗೆ ಅಡಿಗೆಮನೆಯಲ್ಲಿ ಎರಡನೆಯ ಸಲ ಚಹಾ ಆಗಿತ್ತು. "ಇಥಂ ಬಸಾಯಲಾ ಬರಂ ವಾಟತಂ" ಎಂದಳು, ಇಲ್ಲಿ ಕೂತರೆ ಹಿತವಾಗುತ್ತದೆ. ಹೊಸ್ತಿಲ ಹತ್ತಿರ ತಿರುಗಿ ನಿಂತು, ಮೊಳೆ ಹೊಡೆಯುವುದಾದರೆ ತೊಲೆಯ ಗಟ್ಟಿ ಭಾಗಕ್ಕೆ ಹೊಡೆಯಿರಿ ಎಂದೂ ಹೇಳಿ ಹೋದಳು!

ಗೆರೆ ಮತ್ತು ಕಬ್ಬಿಣದ ಕುರ್ಚಿ ಇಷ್ಟನ್ನು ಮಾಡಬಹುದಾದರೆ ನಿಜವಾದ ಆಫೀಸು ಏನು ಮಾಡೀತು!

ಬಂದವರು, ಬಂದವರು ಎಂದು ಕಾಕಾ ಹೇಳುವ ಆ ಬಂದವರು ಯಾರು ಎಂದು ನನಗೆ ತಿಳಿದದ್ದು ಸ್ವಾರಗೇಟಿನ ಬಸ್‌ಸ್ಟ್ಯಾಂಡಿನಲ್ಲಿ. ಊರಿಂದ ಬರುವವರನ್ನು ಇಳಿಸಿಕೊಳ್ಳಲು ಅವರ ಜೊತೆ ಹೋಗಿದ್ದೆ. ಗುಲಬರ್ಗಾ ಕಡೆಯ ಬಸ್ಸು ಬಂತು. ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಜನ ಇಳಿದರು. ಗಂಟು, ಬುಟ್ಟಿ, ಸೊಂಟದ ಮೇಲೆ ಕೂಸು. ಇಳಿದವರು ಬಸ್‌ಸ್ಟ್ಯಾಂಡಿನಲ್ಲಿ ಖಾಲಿ ಬಾಕು ಇದ್ದರೂ ಕೂರಲಿಲ್ಲ. ಗೋಡೆಗುಂಟ ಸಾಲಾಗಿ ನಿಂತುಕೊಂಡರು.

"ನೋಡಿದೇನ ತಂಗಿ?" ಎಂದರು ಕಾಕಾ. "ಕೂಡಬಹುದು ಅಂತನ ಅವರಿಗೆ ಗೊತ್ತಿಲ್ಲ. ನಾ ಮೊದಲ ಪುಣೆಕ ಬಂದಾಗ ನಿಮ್ಮಜ್ಜ ಜೋಡಿ ಬಂದಿದ್ದ. ಒಂದು ಆಫೀಸಿಗೆ ಹೋದ್ವಿ, ನನ್ನ ಕೆಲಸದ ಸಲುವಾಗಿ. ನಮಗ ಮರಾಠಿ ಬರಂಗಿಲ್ಲ. ನಿಮ್ಮಜ್ಜ ತಲಿಮ್ಯಾಲಿನ ರುಮಾಲು ತಗದು ಕೈಯಾಗ ಹಿಡಕೊಂಡು ಹೊತ್ತು ಮುಣಗೋತನಕ ನಿಂತ. ಎದುರಿಗೆ ಖಾಲಿ ಕುರ್ಚಿ ಇದ್ದವು. ಕೆಲಸ ಆಗಲಿಲ್ಲ. ಹೊರಗ ಬಂದು ಏನಂದ ಗೊತ್ತದೇನ? ಕೆಲಸ ಹೋಗಲಿ, ಒಂದ ಸಲ ಕೂಡು ಅಂದಿದ್ರ ಸಾಕಿತ್ತು ಅಂದ."

ನಾನು ಕಂಡಿದ್ದ ಅಜ್ಜ ಊರಿನಲ್ಲಿ ನಾಲ್ಕು ಜನರಿಗೆ ಬುದ್ಧಿ ಹೇಳುವ ಗಟ್ಟಿ ದನಿಯ ಮನುಷ್ಯ. ರುಮಾಲು ಕೈಯಲ್ಲಿ ಹಿಡಿದು ನಿಂತ ಅಜ್ಜನನ್ನು ನನಗೆ ಕಲ್ಪಿಸಿಕೊಳ್ಳಲೂ ಆಗಲಿಲ್ಲ.

"ಅದಕ್ಕ ನನ್ನ ಆಫೀಸಿನಾಗ ಬಂದವರಿಗೆ ಮೊದಲ ಕೂಡ್ರಿ ಅನ್ನೋದು" ಎಂದರು ಕಾಕಾ. "ಆಮ್ಯಾಲ ಮರಾಠಿ, ಅರ್ಜಿ, ದವಾಖಾನಿ, ಸಾಲಿ, ಏನ ಬೇಕೋ ಅದು."

ಅಂದು ಮನೆಗೆ ಬಂದಾಗ ಕಾಕಾ ಹಿಂದೆ ಎಲ್ಲೋ ಇದ್ದರು, ನನ್ನನ್ನು ನೋಡುವವರು ಯಾರೂ ಇರಲಿಲ್ಲ. ಆದರೂ ನಾನು ಬಾಗಿಲು ತಟ್ಟಿಯೇ ಒಳಗೆ ಹೋದೆ.

ಕಾಲೇಜು ಮುಗಿದು ನಾನು ಪುಣೆಯಲ್ಲೇ ಒಂದು ಶಾಲೆಗೆ ಸೇರಿದೆ. ಎಂಬತ್ತರ ದಶಕ ಶುರುವಾಗಿತ್ತು. ವಾಡೆಯಲ್ಲಿ ಒಬ್ಬರ ಮನೆಗೆ ಟಿವಿ ಬಂತು, ಕಾಕಾಗೆ ರಿಟೈರ್‌ಮೆಂಟ್ ಬಂತು. ಮೆಟ್ಟಿಲ ಕೆಳಗಿನಿಂದ ಕೊನೆಯ ಸಲ ತಲೆ ತಗ್ಗಿಸಿ ಎದ್ದು ಬಂದವರು, ಮರುದಿನವೇ ಬಡಿಗನನ್ನು ಕರೆಸಿದರು. ಜಾಗದ ಅಡಚಣೆಯಿಂದಾಗಿ ಗೋಡೆ, ಬಾಗಿಲು ಸೀಮೆಸುಣ್ಣದವೇ ಇರಲಿ, ಆದರೆ ಬಂದವರ ಕುರ್ಚಿ ಮಾತ್ರ ಸಾಗವಾನಿಯದೇ ಆಗಬೇಕು ಎಂದು ಅವರ ತೀರ್ಮಾನ.

ಆ ಕುರ್ಚಿಯ ಮಹಿಮೆಯನ್ನು ಏನೆಂದು ಹೇಳಲಿ! ವರ್ಷಗಟ್ಟಲೆ ಜನ ಕೂರುವುದನ್ನು ನೋಡಿ ನೋಡಿ ಕಾಕಾ ಒಂದು ಸಂಗತಿ ಕಂಡುಹಿಡಿದಿದ್ದರು. ಅಂಜಿದ ಮನುಷ್ಯ ಕುರ್ಚಿಯ ತುದಿಯಲ್ಲಿ ಕೂರುತ್ತಾನೆ. ಯಾವ ಕ್ಷಣದಲ್ಲಾದರೂ ಏಳು ಎಂದಾರು ಎಂದು ಅರ್ಧ ಎದ್ದುಕೊಂಡೇ ಕೂರುತ್ತಾನೆ. ಆದ್ದರಿಂದ ತುದಿಯಲ್ಲಿ ಕೂರಲು ಬಾರದ ಕುರ್ಚಿ ಬೇಕು! "ಕುರ್ಚಿನ ಮಂದೀನ್ನ ಹಿಂದಕ್ಕ ಎಳೀಬೇಕು. ಪೂರಾ ಒರಗಿ ಕೂಡೋತನಕ ಬಿಡಬಾರದು" ಎಂದು ಬಡಿಗನಿಗೆ ಹೇಳಿದರು. ಕೂರುವ ಹಲಗೆ ಹಿಂದಕ್ಕೆ ಇಳಿಜಾರಾಗಿರಬೇಕು, ಎಷ್ಟು ಎಂದರೆ ಕಣ್ಣಿಗೆ ಕಾಣಬಾರದು, ಮೈಗೆ ಮಾತ್ರ ಗೊತ್ತಾಗಬೇಕು. ಬಡಿಗ ತಲೆ ತುರಿಸಿಕೊಂಡ. ಒಂದು ಸಲ ಮಾಡಿದಾಗ ನಾನು ಕೂತು ಹಿಂದಕ್ಕೆ ಮಗುಚಿಬಿದ್ದೆ. ಇನ್ನೊಂದು ಸಲ ಏಳಲು ಬಾರದೆ ಕಾಕು ಬಂದು ಎಳೆದರು. ಕೊನೆಗೂ ಕುರ್ಚಿ ಆಯಿತು. ಕೂತು ನೋಡಿದೆ. ತುದಿಯಲ್ಲಿ ಕೂತರೂ ಮೆಲ್ಲಗೆ, ಯಾರೋ ಹಿರಿಯರು ಹೆಗಲು ಹಿಡಿದು "ಅವಸರ ಏನದ, ಕೂಡು" ಎಂದಂತೆ, ಹಿಂದಕ್ಕೆ ಒರಗಿಸಿತು. ಆ ಕ್ಷಣ ನಮ್ಮ ಕಾಕಾ ನನಗೆ ದೊಡ್ಡ ದೊಡ್ಡ ಇಂಜಿನಿಯರುಗಳಿಗಿಂತ ದೊಡ್ಡವರಾಗಿ ಕಂಡರು.

ಕುರ್ಚಿ ಚೌಕದಲ್ಲಿ ಕೂತಿತು. ಹರವಿ, ಚಪ್ಪಲಿಯ ಹಲಗೆ, ತೊಲೆಗೆ ಕೊಂಡಿ, ಮನೆಯವರೆಲ್ಲ ಬಂದರೆ ಹಾಸಲು ಜಮಖಾನ. ಕಾಕಾ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತರು. ಕಾಕು ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಒಂದು ಸುತ್ತು ನೋಡಿದರು.

"ಎಲ್ಲಾ ಛಲೋ ಆತು" ಎಂದರು ಕಾಕು. "ನೀವ ಎಲ್ಲೆ ಕೂಡಾವ್ರು?"

ಕಾಕಾ ಕುರ್ಚಿ ನೋಡಿದರು, ಮಂಚ ನೋಡಿದರು, ಸೈಕಲ್ಲು ನೋಡಿದರು. ಇಷ್ಟು ವರ್ಷ ದಿನಾ ಅಳಿಸಿ ದಿನಾ ಕಟ್ಟಿದ ಆಫೀಸಿನಲ್ಲಿ ಒಂದು ದಿನವಾದರೂ ಅವರು ತಮ್ಮ ಕುರ್ಚಿಗೆಂದು ಗೆರೆ ಎಳೆದಿರಲಿಲ್ಲ! ಆಗ ನನಗೂ ನೆನಪಾಯಿತು. ಅಷ್ಟೊಂದು ತಾಲೀಮು ನಡೆಸಿದ್ದೆವು, ಕಾಕಾ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ಸುತ್ತುವರು, ಬಗ್ಗುವರು, ನಿಲ್ಲುವರು, ಅಷ್ಟೇ. ಕಾಕು ನಕ್ಕ ನಗು ಮಹಡಿಯ ಆಜಿಗೂ ಕೇಳಿಸಿತು. ಕುರ್ಚಿ ಸರಿಸಿದರೆ ಬೆಳಕು ಕೆಡುತ್ತದೆ, ಹರವಿ ಸರಿಸಿದರೆ ದಾರಿ ಕೆಡುತ್ತದೆ. ಕೊನೆಗೆ ಕಪಾಟಿನ ಪಕ್ಕ ಒಂದು ಮೂಲೆ ಸಿಕ್ಕಿತು. ಅಲ್ಲಿ ಕುರ್ಚಿ ಹಿಡಿಸುವಂತಿರಲಿಲ್ಲ. ಕಾಕು ಊಟದ ಮಣೆ ತಂದು ಹಾಕಿದರು. ಸಾಹೇಬರು ನೆಲದ ಮೇಲೆ ಮಣೆಯಲ್ಲಿ ಕೂರುವುದು, ಬಂದವರು ಮೇಲೆ ಸಾಗವಾನಿ ಕುರ್ಚಿಯಲ್ಲಿ! ಕಾಕಾಗೆ ಅದು ಬಲು ಮೆಚ್ಚುಗೆಯಾಯಿತು.

ಸ್ವಾರಗೇಟಿಗೆ ಹೋಗಿ ಬಸ್ಸಿಳಿದವರಿಗೆಲ್ಲ ಮನೆಯ ಗುರುತು ಹೇಳಿ ಬಂದರು. ಅಪರಿಚಿತನ ಮನೆಗೆ ಯಾರು ಬರುತ್ತಾರೆ? ಅನೇಕ ದಿನ ಯಾರೂ ಬರಲಿಲ್ಲ. ಕಾಕಾ ದಿನಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಣೆಯ ಮೇಲೆ ಕೂರುವರು, ಹೊರಗೆ ಸಪ್ಪಳವಾದರೆ ಕತ್ತು ಎತ್ತುವರು. ಕಾಕು ಅದನ್ನು ನೋಡಿ ಚೇಷ್ಟೆ ಮಾಡುವುದನ್ನು ನಿಲ್ಲಿಸಿದರು.

ಒಂದು ದಿನ ಶಾಲೆಗೆ ರಜೆ. ನಾನು ಮಂಚದ ಮೇಲೆ ಕೂತು ಓದುತ್ತಿದ್ದೆ. ಹೊರಗೆ ಯಾರೋ "ಯಪ್ಪಾ" ಎಂದರು. ಯಾದಗಿರಿ ಕಡೆಯ ಹೆಣ್ಣುಮಗಳು, ಕಂಕುಳಲ್ಲಿ ಕೂಸು, ಕೈಯಲ್ಲಿ ಗಂಟು, ಕಾಲಿಗೆ ಒಣಗಿದ ಸಿಮೆಂಟು. ರೇಷನ್ ಕಾರ್ಡಿನ ಕೆಲಸಕ್ಕೆ ಯಾರೋ ಈ ಮನೆ ಹೇಳಿದ್ದರಂತೆ. ಕಾಕಾ ದಡಬಡಿಸಿ ಎದ್ದರು. "ಬರ್ರಿ, ಬರ್ರಿ!" ಕೂಸಿಗೆ ಜೋಳಿಗೆ ಕಟ್ಟಿಸಿದರು. ಗಂಟು ಇಡಿಸಿದರು. ಚಪ್ಪಲಿ ಕಣ್ಣ ಮುಂದೆ. ನೀರು ಕೈಗೆ. ಎಲ್ಲ ತಾಲೀಮಿನಂತೆಯೇ! ಕೊನೆಗೆ ತಮ್ಮ ಮಣೆಯ ಮೇಲೆ ಕೂತು, ಕುರ್ಚಿಯ ಕಡೆ ಕೈ ತೋರಿಸಿ, ಬದುಕಿನುದ್ದ ಕಾಯ್ದಿಟ್ಟಿದ್ದ ಆ ಮಾತನ್ನು ಹೇಳಿದರು. "ಕೂಡ್ರಿ."

ಆಕೆ ಕುರ್ಚಿ ನೋಡಿದಳು. ನೆಲದ ಮೇಲೆ ಕೂತ ಕಾಕಾನನ್ನು ನೋಡಿದಳು. "ಯಪ್ಪೋ! ಹಿರ್ಯಾರು ನೀವು ಕೆಳಗ ಕುಂತೀರಿ, ನಾ ಮ್ಯಾಲ ಕುಂದ್ರಲ್ಯಾ? ನಮ್ಮವ್ವ ಹಂಗ ಕಲಿಸಿಲ್ರಿ" ಎಂದವಳೇ ಜಮಖಾನವನ್ನೂ ಬಿಟ್ಟು ಬರೀ ಫರ್ಸಿಯ ಮೇಲೆ ಕೂತುಬಿಟ್ಟಳು!

"ಅಲ್ಲವ್ವಾ, ಅದು ನಿಮ್ಮ ಸಲುವಾಗಿನ ಮಾಡಿಸಿದ್ದು!"

"ಇರಲಿ ಬಿಡ್ರಿ. ನಾ ಇಲ್ಲೇ ಆರಾಮ ಅದೀನ್ರಿ."

ಕಾಕಾ ಎದ್ದು ನಿಂತರು. ಆಕೆಯೂ ಎದ್ದು ನಿಂತಳು. ಕಾಕಾ ಕೂತರು. ಆಕೆಯೂ ಕೂತಳು. ನಾನು ಪುಸ್ತಕದ ಹಿಂದೆ ನಗು ತಡೆಯಲಾರದೆ ಒದ್ದಾಡಿದೆ. ಕಾಕಾ ಬೆಳಕು ಅಳೆದಿದ್ದರು, ಗಾಳಿ ಅಳೆದಿದ್ದರು, ಹಲಗೆಯ ಇಳಿಜಾರು ಅಳೆದಿದ್ದರು. ಹಿರಿಯರ ಮುಂದೆ ಎತ್ತರದಲ್ಲಿ ಕೂರದ ನಮ್ಮ ಕಡೆಯ ಪದ್ಧತಿಯನ್ನು ಅಳೆಯುವುದು ಮಾತ್ರ ಮರೆತಿದ್ದರು. ನಮ್ಮ ಕಡೆಯವರು ಯಾರಾದರೂ ಅದನ್ನು ಮರೆಯುತ್ತಾರೆಯೇ, ಹೇಳಿ! ಆದರೆ ಕಾಕಾನ ಮುಖ ನೋಡಿದೊಡನೆ ನನ್ನ ನಗು ನಿಂತುಹೋಯಿತು. ಮತ್ತೆ ಎದ್ದು ಮಣೆಯ ಪಕ್ಕದಲ್ಲಿ ಕೈ ಇಳಿಬಿಟ್ಟು ನಿಂತಿದ್ದರು, ಅರ್ಧ ದಿನ ಯಾರೂ ಮಾತಾಡಿಸದೆ ಬಿಟ್ಟವರಂತೆ. "ತಂಗಿ, ಇಷ್ಟು ವರ್ಷ ನಾ ಏನ ಮಾಡಿದೆ?" ಎಂದು ಮೆಲ್ಲಗೆ ಕೇಳಿದರು.

ಆಕೆಗೆ ನಮ್ಮ ಕಥೆ ಏನೂ ಗೊತ್ತಿಲ್ಲ. ಮುದುಕರೊಬ್ಬರು ಬೇಜಾರಾಗಿದ್ದಾರೆ ಎಂದಷ್ಟೇ ಗೊತ್ತಾಗಿರಬೇಕು. ಎದ್ದು, ಸೆರಗಿನಿಂದ ಕುರ್ಚಿಯನ್ನು ಒರೆಸಿ, ಕಾಕಾನ ತೋಳು ಹಿಡಿದಳು.

"ಕುರ್ಚಿ ಖಾಲಿ ಐತಲ್ರಿ ಯಪ್ಪಾ. ನೀವು ಕೂಡ್ರಿ."

ಕಾಕಾ ಆಕೆಯ ಮುಖವನ್ನೇ ನೋಡಿದರು. ಆಮೇಲೆ ಕೂತರು. ಎಲ್ಲಿ? ತುದಿಯಲ್ಲಿ! ಮೊಣಕಾಲಿನ ಮೇಲೆ ಕೈ, ಅರ್ಧ ಎದ್ದುಕೊಂಡೇ. ಮೆಟ್ಟಿಲ ಕೆಳಗೆ ಸರ್ವೀಸು ಮುಗಿಸಿದ ಮನುಷ್ಯ ಮತ್ತೆ ಹೇಗೆ ಕೂತಾರು? ಆದರೆ ಕುರ್ಚಿ ತನ್ನ ಕೆಲಸ ಬಿಡಲಿಲ್ಲ. ಮೆಲ್ಲಗೆ, ಮೆಲ್ಲಗೆ ಅವರನ್ನು ಹಿಂದಕ್ಕೆ ಎಳೆದು ಒರಗಿಸಿಕೊಂಡಿತು. ಬಿಸಿಲು ಕಣ್ಣಿಗೆ ಬೀಳಲಿಲ್ಲ. ಕಿಟಕಿಯ ಗಾಳಿ ಬಂದು ಅವರ ನರೆಗೂದಲನ್ನು ಸವರಿತು.

"ಆಫೀಸಿನಾಗ ನನಗ ಯಾರೂ ಹಿಂಗ ಅಂದಿದ್ದಿಲ್ಲ, ತಂಗಿ" ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಬೇಕಾದ್ದು ಕನ್ನಡಕವಾಗಿರಲಿಲ್ಲ.

ಆಕೆ ಈಗ ನೆಮ್ಮದಿಯಿಂದ ಜಮಖಾನದ ಮೇಲೆ ಕೂತು, ಕಾಲು ಚಾಚಿ, ಜೋಳಿಗೆಯನ್ನು ಒಂದು ಕೈಯಿಂದ ತೂಗುತ್ತ ತನ್ನ ಕೆಲಸ ಹೇಳತೊಡಗಿದಳು. ತವರುಮನೆಗೆ ಬಂದವಳಂತೆ ಗಟ್ಟಿಯಾಗಿ, ಒಂದೂ ಬಿಡದೆ ಹೇಳಿದಳು. ಕಾಕಾ ಒರಗಿ ಕೂತು ಕೇಳಿದರು. ಅಂದಿನಿಂದ ಮುಂದೆ ಆ ಆಫೀಸಿಗೆ ಬಂದವರೆಲ್ಲ ಮಾಡಿದ್ದು ಅದನ್ನೇ. ಮೊದಲು ಅವರನ್ನು ಕುರ್ಚಿಯಲ್ಲಿ ಕೂರಿಸುವುದು, ಆಮೇಲೆ ತಾವು ಕೆಳಗೆ ಹರಡಿ ಕೂರುವುದು.

ಆದರೆ ನಾನು ಹೇಳಬೇಕೆಂದಿದ್ದದ್ದು ಅಂದಿನ ಚಹಾದ ಬಗ್ಗೆ. ಅಡಿಗೆಮನೆಯಿಂದ ಕಾಕು ಬಂದರು. ಎರಡೂ ಕೈಯಲ್ಲಿ ಚಹಾದ ಕಪ್ಪು, ಬಶಿ. ಎಂದಿನಂತೆ ಸೀದಾ ನಡೆದು ಬಂದವರು ಗೋಡೆಯ ಮುಂದೆ ನಿಂತುಬಿಟ್ಟರು. ನೆಲ ನೋಡಿದರು. ಒರಗಿ ಕೂತ ಗಂಡನನ್ನು ನೋಡಿದರು. ಆಮೇಲೆ ಗೋಡೆಗುಂಟ ಸುತ್ತು ಹಾಕಿ, ಮಂಚವನ್ನೂ ಸೈಕಲ್ಲನ್ನೂ ಬಳಸಿಕೊಂಡು, ಬಾಗಿಲಿದ್ದ ಕಡೆಗೆ ಬಂದರು. ತಟ್ಟಲು ಕೈ ಖಾಲಿ ಇರಲಿಲ್ಲ.

"ಒಳಗ ಬರ್ಲೇನ್ರಿ?" ಎಂದು ಕೇಳಿದರು.

ಕಾಕಾ ಕುರ್ಚಿ ಬಿಟ್ಟು ಎದ್ದು ನಿಂತರು. ಅವರ ಬಾಯಿಂದ ಬಂದದ್ದು "ಏ, ಕೇಳಿಲ್ಲಿ" ಆಗಿರಲಿಲ್ಲ.

"ಬರ್ರಿ" ಎಂದರು ಕಾಕಾ, ತಾವು ಕೂತಿದ್ದ ಕುರ್ಚಿಯನ್ನು ಕಾಕುವಿನ ಕಡೆ ತಿರುಗಿಸಿ. "ಬರ್ರಿ, ಕೂಡ್ರಿ."